ಟ್ಯಾಂಡೆಮ್ ಸರಿಸುವಿಕೆ: ಟ್ರೈಲರ್ ಟ್ರಕ್ಕಿನ ತೂಕ ಹಂಚಿಕೆ

ಅಮೆರಿಕದ ಹೆದ್ದಾರಿಗಳಲ್ಲಿ ಓಡುವ ಉದ್ದನೆಯ ಪೆಟ್ಟಿಗೆ ಟ್ರೈಲರುಗಳ ಹಿಂಬದಿಯ ಜೋಡಿ ಅಚ್ಚುಗಳನ್ನು ಮುಂದಕ್ಕೋ ಹಿಂದಕ್ಕೋ ಸರಿಸಿ, ಸರಕಿನ ಭಾರ ಯಾವ ಚಕ್ರಗಳ ಮೇಲೆ ಎಷ್ಟು ಬೀಳಬೇಕೆಂದು ಹೊಂದಿಸಿಕೊಳ್ಳುವ ಕ್ರಮವನ್ನು ಟ್ಯಾಂಡೆಮ್ ಸರಿಸುವಿಕೆ ಎನ್ನುತ್ತಾರೆ. ಟ್ರಕ್ಕಿನ ಒಟ್ಟು ತೂಕ ಕಾನೂನಿನ ಮಿತಿಯೊಳಗೇ ಇದ್ದರೂ, ಯಾವುದಾದರೂ ಒಂದು ಜೋಡಿ ಅಚ್ಚಿನ ಮೇಲೆ ಮಿತಿ ಮೀರಿ ಭಾರ ಕೂತಿದ್ದರೆ ದಂಡ ತಪ್ಪುವುದಿಲ್ಲ. ಸರಕನ್ನು ಮುಟ್ಟದೆ, ಹೊಸ ಸಲಕರಣೆ ಏನನ್ನೂ ತಾರದೆ, ಒಬ್ಬನೇ ಚಾಲಕ ನಿಂತ ಜಾಗದಲ್ಲಿ ಮಾಡಿ ಮುಗಿಸಬಹುದಾದ ಪರಿಹಾರ ಇದು. ಆದರೆ ಇದಕ್ಕೂ ಮಿತಿಯಿದೆ. ತಪ್ಪಾಗಿ ತುಂಬಿದ ಸರಕನ್ನು ಅಚ್ಚು ಸರಿಸಿ ಎಲ್ಲ ಸಲವೂ ಸರಿಪಡಿಸಲಾಗದು.

ರಚನೆ

ಈ ವಾಹನದಲ್ಲಿ ಎರಡು ಭಾಗಗಳು. ಎಂಜಿನ್ ಮತ್ತು ಚಾಲಕನ ಕ್ಯಾಬಿನ್ ಇರುವ ಮುಂಭಾಗ ಟ್ರ್ಯಾಕ್ಟರ್. ಸರಕು ತುಂಬುವ ಹಿಂಭಾಗ ಟ್ರೈಲರ್. ಟ್ರೈಲರಿನ ಮುಂತುದಿಯಲ್ಲಿ ಚಕ್ರಗಳಿಲ್ಲ. ಮುಂತುದಿಯಿಂದ ಸುಮಾರು 3 ಅಡಿ ಹಿಂದೆ, ತಳದಿಂದ ಕೆಳಕ್ಕೆ ಚಾಚಿದ ಕಿಂಗ್‌ಪಿನ್ ಎಂಬ ಉಕ್ಕಿನ ಗೂಟವಿರುತ್ತದೆ. ಟ್ರ್ಯಾಕ್ಟರಿನ ಬೆನ್ನ ಮೇಲಿನ ಫಿಫ್ತ್ ವೀಲ್ ಎಂಬ ದಪ್ಪ ತಟ್ಟೆ ಅದನ್ನು ಕಚ್ಚಿ ಹಿಡಿಯುತ್ತದೆ. ಟ್ರೈಲರಿನ ಭಾರದ ಒಂದು ಪಾಲು ಈ ಗೂಟದ ಮೂಲಕ ಟ್ರ್ಯಾಕ್ಟರಿನ ಮೇಲೆ ಕೂತರೆ, ಉಳಿದ ಪಾಲು ಟ್ರೈಲರಿನ ಹಿಂಬದಿಯ ಜೋಡಿ ಅಚ್ಚುಗಳ ಮೇಲೆ ಬೀಳುತ್ತದೆ. ಹೀಗೆ ಒಟ್ಟು ಐದು ಅಚ್ಚು: ಮುಂದೆ ಸ್ಟಿಯರಿಂಗ್ ಅಚ್ಚು ಒಂದು, ನಡುವೆ ಎಂಜಿನ್ ಬಲದಿಂದ ತಿರುಗುವ ಡ್ರೈವ್ ಅಚ್ಚು ಎರಡು, ಹಿಂದೆ ಟ್ರೈಲರಿನ ಅಚ್ಚು ಎರಡು. ಮುಂದಿನದಕ್ಕೆ 2 ಚಕ್ರ, ಉಳಿದ ನಾಲ್ಕಕ್ಕೂ ತಲಾ 4 ಚಕ್ರ. ಇದರಿಂದಲೇ ಈ ಟ್ರಕ್ಕಿಗೆ ಹದಿನೆಂಟು ಚಕ್ರದ ಗಾಡಿ ಎಂಬ ಹೆಸರು ಬಂದದ್ದು.

ಟ್ಯಾಂಡೆಮ್ ಎಂದು ಕರೆಯುವ, ಟ್ರೈಲರಿನ ಈ ಜೋಡಿ ಅಚ್ಚನ್ನು ಪೆಟ್ಟಿಗೆಗೆ ನೇರವಾಗಿ ಬೆಸೆದಿರುವುದಿಲ್ಲ. ಅಚ್ಚು, ಬ್ರೇಕು, ಸಸ್ಪೆನ್ಷನ್ ಎಲ್ಲವನ್ನೂ ಹೊತ್ತ ಒಂದು ಉಕ್ಕಿನ ಚೌಕಟ್ಟು, ಟ್ರೈಲರಿನ ತಳದ ಎರಡು ಹಳಿಗಳಗುಂಟ ಹಿಂದೆ ಮುಂದೆ ಜಾರುತ್ತದೆ. ಹಳಿಗಳಲ್ಲಿ ಸಾಮಾನ್ಯವಾಗಿ 6 ಇಂಚಿಗೊಂದರಂತೆ, ಕೆಲವು ಮಾದರಿಗಳಲ್ಲಿ 4 ಇಂಚಿಗೊಂದರಂತೆ ತೂತುಗಳಿರುತ್ತವೆ. ಚೌಕಟ್ಟಿನ ನಾಲ್ಕು ಪಿನ್ನುಗಳು ಈ ತೂತುಗಳಿಗೆ ಹೊಕ್ಕು ಅದನ್ನು ಜಾರದಂತೆ ಹಿಡಿಯುತ್ತವೆ. ಜೋಡಿಯ ಎರಡು ಅಚ್ಚುಗಳ ನಡುವೆ ಭಾರವನ್ನು ಸಮನಾಗಿ ಹಂಚುವ ಕೆಲಸವನ್ನು ಸಸ್ಪೆನ್ಷನ್ನೇ ಮಾಡುತ್ತದೆ. ಪಟ್ಟೆ ಸ್ಪ್ರಿಂಗ್ ಇದ್ದರೆ ನಡುವೆ ಓಲಾಡುವ ತೊಲೆಯೊಂದು, ಗಾಳಿಚೀಲವಿದ್ದರೆ ಚೀಲಗಳ ನಡುವೆ ಹರಿಯುವ ಗಾಳಿ ಅದನ್ನು ನೋಡಿಕೊಳ್ಳುತ್ತದೆ. ಚಾಲಕ ಯೋಚಿಸಬೇಕಾದದ್ದು ಇಡೀ ಜೋಡಿಯ ಭಾರದ ಬಗ್ಗೆ ಮಾತ್ರ.

ತತ್ವ

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇರು ಅಚ್ಚಿನ ಮುಂದಕ್ಕೆ ಹೆಚ್ಚಾದರೆ ಗಾಡಿ ಮುಂಭಾರವಾಗಿ ನೊಗ ಎತ್ತಿನ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ಹಿಂಭಾರವಾಗಿ ಮೂಕಿ ಮೇಲೇಳುತ್ತದೆ. ಗಾಡಿ ಹೊಡೆಯುವವನು ಮೂಟೆಯನ್ನು ಸರಿಸಿ ಸಮ ಮಾಡಿಕೊಳ್ಳುತ್ತಾನೆ; ಟ್ರೈಲರಿನ ಚಾಲಕ ಮೂಟೆಯನ್ನು ಇದ್ದಲ್ಲೇ ಬಿಟ್ಟು ಅಚ್ಚನ್ನು ಸರಿಸುತ್ತಾನೆ.

ಟ್ಯಾಂಡೆಮನ್ನು ಮುಂದಕ್ಕೆ, ಅಂದರೆ ಟ್ರ್ಯಾಕ್ಟರಿನ ಕಡೆಗೆ ತಂದರೆ ಅದು ಸರಕಿನ ಭಾರಕೇಂದ್ರಕ್ಕೆ ಹತ್ತಿರವಾಗಿ ಹೆಚ್ಚು ಭಾರ ಹೊರುತ್ತದೆ. ಡ್ರೈವ್ ಅಚ್ಚುಗಳ ಭಾರ ಇಳಿಯುತ್ತದೆ. ಹಿಂದಕ್ಕೆ ಒಯ್ದರೆ ಟ್ಯಾಂಡೆಮಿನ ಭಾರ ಇಳಿದು ಡ್ರೈವ್ ಅಚ್ಚುಗಳ ಮೇಲೆ ಏರುತ್ತದೆ. ನೆನಪಿಡಬೇಕಾದ ಸೂತ್ರ ಸುಲಭ: ಎಲ್ಲಿ ಭಾರ ಹೆಚ್ಚಾಗಿದೆಯೋ ಆ ಕಡೆಗೆ ಟ್ಯಾಂಡೆಮ್ ಸರಿಸಬೇಕು. ಮುಂದೆ ಹೆಚ್ಚಿದ್ದರೆ ಮುಂದಕ್ಕೆ, ಹಿಂದೆ ಹೆಚ್ಚಿದ್ದರೆ ಹಿಂದಕ್ಕೆ.

ಒಂದು ತೂತು ಸರಿಸಿದರೆ ಎಷ್ಟು ತೂಕ ಕದಲುತ್ತದೆ? 6 ಇಂಚಿನ ತೂತಿಗೆ 400ರಿಂದ 500 ಪೌಂಡು ಎಂಬುದು ಚಾಲಕರ ವಾಡಿಕೆಯ ಲೆಕ್ಕ, ಮತ್ತು ಇದು ಸನ್ನೆಯ ನಿಯಮಕ್ಕೆ ಚೆನ್ನಾಗಿ ಹೊಂದುತ್ತದೆ. ಕಿಂಗ್‌ಪಿನ್ನಿನಿಂದ ಟ್ಯಾಂಡೆಮಿನ ನಡುಮಧ್ಯಕ್ಕೆ 38 ಅಡಿ, ಅಂದರೆ 456 ಇಂಚು ದೂರವಿದೆ, ಟ್ಯಾಂಡೆಮ್ ಮೇಲೆ 34,000 ಪೌಂಡು ಇದೆ ಎಂದಿಟ್ಟುಕೊಳ್ಳೋಣ. ಭಾರವನ್ನು ದೂರದಿಂದ ಭಾಗಿಸಿದರೆ ಇಂಚಿಗೆ ಸುಮಾರು 75 ಪೌಂಡು. 6 ಇಂಚಿಗೆ ಸುಮಾರು 450. ಟ್ಯಾಂಡೆಮ್ ಮೇಲಿನ ಭಾರ ಕಡಿಮೆಯಿದ್ದರೆ ಪ್ರತಿ ತೂತಿಗೆ ಕದಲುವ ತೂಕವೂ ಕಡಿಮೆ. ಟ್ಯಾಂಡೆಮ್ ಮುಂದೆ ಬಂದಷ್ಟೂ ಭಾಗಿಸುವ ದೂರ ಕುಗ್ಗುವುದರಿಂದ ಅದೇ ಒಂದು ತೂತು ಇನ್ನಷ್ಟು ತೂಕವನ್ನು ಕದಲಿಸುತ್ತದೆ. ವಾಡಿಕೆಯ ಲೆಕ್ಕ ಒಮ್ಮೊಮ್ಮೆ ಒಂದು ತೂತಿನಷ್ಟು ಕೈಕೊಡುವುದು ಇದರಿಂದಲೇ.

ಕಾನೂನಿನ ಹಿನ್ನೆಲೆ

ಅಮೆರಿಕದ ಅಂತರರಾಜ್ಯ ಹೆದ್ದಾರಿ ಜಾಲಕ್ಕೆ ಅಡಿಪಾಯ ಹಾಕಿದ 1956ರ ಹೆದ್ದಾರಿ ಕಾಯ್ದೆ ಒಂಟಿ ಅಚ್ಚಿಗೆ 18,000 ಪೌಂಡು, ಜೋಡಿ ಅಚ್ಚಿಗೆ 32,000, ಒಟ್ಟು ವಾಹನಕ್ಕೆ 73,280 ಪೌಂಡಿನ ಮಿತಿ ಹಾಕಿತ್ತು. 1974ರ ತಿದ್ದುಪಡಿ ಇವನ್ನು ಕ್ರಮವಾಗಿ 20,000, 34,000 ಮತ್ತು 80,000 ಪೌಂಡಿಗೆ ಏರಿಸಿತು. ಕಿಲೋ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 9,070, 15,420 ಮತ್ತು 36,290. ಈ ಮಿತಿಗಳೇ ಇಂದಿಗೂ ನಡೆಯುತ್ತಿವೆ. ಮುಂದಿನ ಅಚ್ಚಿಗೆ ವಾಡಿಕೆಯ 12,000, ಡ್ರೈವ್ ಜೋಡಿಗೆ 34,000, ಟ್ರೈಲರ್ ಜೋಡಿಗೆ 34,000 ಕೂಡಿದರೆ ಸರಿಯಾಗಿ 80,000. ಅಂದರೆ ಪೂರ್ತಿ ತುಂಬಿದ ಟ್ರಕ್ಕಿನಲ್ಲಿ ಹೆಚ್ಚುಕಡಿಮೆಗೆ ಜಾಗವೇ ಇಲ್ಲ. ಅಚ್ಚು ಸರಿಸುವ ಕೆಲಸ ಅಮೆರಿಕದಲ್ಲಿ ಇಷ್ಟು ನಿತ್ಯದ್ದಾಗಲು ಈ ಬಿಗಿ ಲೆಕ್ಕವೇ ಮುಖ್ಯ ಕಾರಣ.

ಅಚ್ಚಿನ ಲೆಕ್ಕಕ್ಕೆ ಕಾನೂನು ಇಷ್ಟು ಅಂಟಿಕೊಂಡಿರುವುದೇಕೆ? ರಸ್ತೆಗೆ ತಗಲುವುದು ವಾಹನದ ಒಟ್ಟು ತೂಕವಲ್ಲ, ಒಂದೊಂದು ಅಚ್ಚಿನ ಒತ್ತಡ. ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ನಡೆದ ರಸ್ತೆ ಪ್ರಯೋಗದಲ್ಲಿ ವಿಶೇಷವಾಗಿ ಕಟ್ಟಿದ ರಸ್ತೆ ಸುತ್ತುಗಳ ಮೇಲೆ ತೂಕ ಹೇರಿದ ಟ್ರಕ್ಕುಗಳನ್ನು ಹಗಲಿರುಳು ಓಡಿಸಿ ರಸ್ತೆ ಹೇಗೆ ಸವೆಯುತ್ತದೆಂದು ಅಳೆದರು. ಅಲ್ಲಿಂದ ಹೊರಟ ನಿಯಮ ಇದು: ರಸ್ತೆಗಾಗುವ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ. ಅಚ್ಚಿನ ಭಾರ ಎರಡು ಪಟ್ಟಾದರೆ ಹಾನಿ 16 ಪಟ್ಟು. ನೂರಕ್ಕೆ ಹತ್ತು ಭಾಗ ಮಾತ್ರ ಹೆಚ್ಚಾದರೂ ಹಾನಿ ನೂರಕ್ಕೆ 46 ಭಾಗದಷ್ಟು ಏರುತ್ತದೆ. ಆದ್ದರಿಂದ ಒಂದೇ ಸರಕನ್ನು ಹೊತ್ತ ಎರಡು ಟ್ರಕ್ಕುಗಳಲ್ಲಿ, ಭಾರವನ್ನು ಸಮನಾಗಿ ಹಂಚಿಕೊಂಡದ್ದು ರಸ್ತೆಯನ್ನು ಉಳಿಸುತ್ತದೆ, ಹಂಚಿಕೊಳ್ಳದ್ದು ಕೆಡಿಸುತ್ತದೆ.

ರಸ್ತೆಯ ಮಾತು ಹೀಗಾದರೆ ಸೇತುವೆಯ ಮಾತು ಬೇರೆ. ಸೇತುವೆಯ ತೊಲೆಗೆ ಭಾರ ಎಷ್ಟು ಎಂಬುದರ ಜೊತೆಗೆ ಅದು ಎಷ್ಟು ಉದ್ದಕ್ಕೆ ಹರಡಿದೆ ಎಂಬುದೂ ಮುಖ್ಯ. 1974ರ ತಿದ್ದುಪಡಿ ತಂದ ಸೇತುವೆ ಸೂತ್ರ ಇದನ್ನೇ ಅಳೆಯುತ್ತದೆ. ಒಂದು ಗುಂಪಿನ ಮೊದಲ ಮತ್ತು ಕೊನೆಯ ಅಚ್ಚುಗಳ ನಡುವಣ ದೂರವನ್ನು ಅಡಿಗಳಲ್ಲಿ ಅಳೆದು ಅಚ್ಚುಗಳ ಸಂಖ್ಯೆಯಿಂದ ಗುಣಿಸಬೇಕು. ಆ ಸಂಖ್ಯೆಗಿಂತ ಒಂದು ಕಡಿಮೆಯಿಂದ ಭಾಗಿಸಬೇಕು. ಅದಕ್ಕೆ ಅಚ್ಚುಗಳ ಸಂಖ್ಯೆಯ 12 ಪಟ್ಟನ್ನೂ 36ನ್ನೂ ಕೂಡಿಸಿ, ಬಂದದ್ದನ್ನು 500ರಿಂದ ಗುಣಿಸಿದರೆ ಆ ಗುಂಪು ಹೊರಬಹುದಾದ ಪೌಂಡುಗಳು ಸಿಗುತ್ತವೆ. ಐದು ಅಚ್ಚಿನ ಟ್ರಕ್ಕು ಪೂರಾ 80,000 ಪೌಂಡು ಹೊರಬೇಕಾದರೆ ಮೊದಲ ಅಚ್ಚಿಗೂ ಕೊನೆಯ ಅಚ್ಚಿಗೂ 51 ಅಡಿ ಅಂತರ ಬೇಕು ಎಂಬುದು ಹೀಗೆ ಬಂದ ಅಂಕಿ. ಎರಡು ಜೋಡಿ ಅಚ್ಚುಗಳು ಕೂಡಿ 68,000 ಪೌಂಡು ಹೊರಲು ಸೂತ್ರದ ಪ್ರಕಾರ 39 ಅಡಿ ಬೇಕಿತ್ತು; ಕಾನೂನು ಅಲ್ಲಿ ವಿನಾಯಿತಿ ಕೊಟ್ಟು 36 ಅಡಿ ಸಾಕು ಎಂದಿದೆ. ಟ್ಯಾಂಡೆಮನ್ನು ತೀರಾ ಮುಂದಕ್ಕೆ ತಂದ ಚಾಲಕ ಅಚ್ಚಿನ ಮಿತಿಯನ್ನು ಪಾಲಿಸಿಯೂ ಸೇತುವೆ ಸೂತ್ರವನ್ನು ಮುರಿದುಬಿಡಬಹುದು.

ತೂಕದ ಚೀಟಿ

ಭಾರ ಹಂಚಿಕೆಯನ್ನು ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ. ಸರಕು ತುಂಬಿಸಿಕೊಂಡ ಚಾಲಕ ಮೊದಲು ಹತ್ತಿರದ ವೇ ಬ್ರಿಜ್ ಹುಡುಕುತ್ತಾನೆ. ಅಯೋವಾ ರಾಜ್ಯದ ವಾಲ್ಕಾಟ್ ಎಂಬಲ್ಲಿ 1977ರಲ್ಲಿ ಬಿಲ್ ಮೂನ್ ಆರಂಭಿಸಿದ ಕ್ಯಾಟ್ ಸ್ಕೇಲ್ ಸಂಸ್ಥೆಯ ತೂಕದ ಕಟ್ಟೆಗಳು ಇಂದು ಅಮೆರಿಕ ಮತ್ತು ಕೆನಡಾದ ಟ್ರಕ್ ತಂಗುದಾಣಗಳಲ್ಲೆಲ್ಲ ಕಾಣುತ್ತವೆ. ಇಲ್ಲಿನ ಕಟ್ಟೆ ಒಂದೇ ಹಾಸಲ್ಲ, ಬೇರೆ ಬೇರೆ ತೂಗುವ ಭಾಗಗಳಾಗಿರುತ್ತದೆ. ಮುಂದಿನ ಅಚ್ಚು ಒಂದರ ಮೇಲೆ, ಡ್ರೈವ್ ಜೋಡಿ ಇನ್ನೊಂದರ ಮೇಲೆ, ಟ್ರೈಲರ್ ಜೋಡಿ ಮತ್ತೊಂದರ ಮೇಲೆ ನಿಂತು, ಮೂರರ ತೂಕವೂ ಒಂದೇ ಸಲಕ್ಕೆ ಚೀಟಿಯಲ್ಲಿ ಮುದ್ರಣವಾಗುತ್ತದೆ. ಅಚ್ಚು ಸರಿಸಿ ಮತ್ತೆ ತೂಗಿಸಲು ಬಂದರೆ ಎರಡನೆಯ ಸಲಕ್ಕೆ ಶುಲ್ಕ ಕಡಿಮೆ. ತಮ್ಮ ಚೀಟಿಯಲ್ಲಿ ಸರಿಯಿದ್ದ ತೂಕಕ್ಕೆ ಸರ್ಕಾರಿ ತಪಾಸಣೆಯಲ್ಲಿ ದಂಡ ಬಿದ್ದರೆ ಚಾಲಕನ ಬೆನ್ನಿಗೆ ನಿಲ್ಲುತ್ತೇವೆಂಬ ಖಾತರಿಯೇ ಈ ಸಂಸ್ಥೆಯನ್ನು ಬೆಳೆಸಿದ್ದು.

ಒಂದು ಮಾದರಿ ಲೆಕ್ಕ ನೋಡಬಹುದು. ಚೀಟಿಯಲ್ಲಿ ಮುಂದಿನ ಅಚ್ಚಿಗೆ 11,800, ಡ್ರೈವ್ ಜೋಡಿಗೆ 35,300, ಟ್ರೈಲರ್ ಜೋಡಿಗೆ 31,900, ಒಟ್ಟು 79,000 ಪೌಂಡು ಎಂದಿದೆ. ಒಟ್ಟು ತೂಕದಲ್ಲಿ ತಕರಾರಿಲ್ಲ. ಡ್ರೈವ್ ಜೋಡಿ ಮಾತ್ರ 1,300 ಪೌಂಡು ಮೀರಿದೆ. ಹಿಂದೆ 2,100 ಪೌಂಡಿನ ಅವಕಾಶ ಖಾಲಿ ಬಿದ್ದಿದೆ. ತೂತಿಗೆ 420 ಪೌಂಡಿನಂತೆ ಮೂರು ತೂತು ಮುಂದಕ್ಕೆ ತಂದರೆ 1,260 ಕದಲುತ್ತದೆ, ಕೂದಲೆಳೆಯಷ್ಟು ಸಾಲದು. ನಾಲ್ಕು ತೂತು ತಂದರೆ ಮುಂದೆ ಸುಮಾರು 11,750, ನಡುವೆ 33,670, ಹಿಂದೆ 33,580 ಆಗಿ ಮೂರೂ ಮಿತಿಯೊಳಗೆ ಬಂದು ಕೂರುತ್ತವೆ. ಮುಂದಿನ ಅಚ್ಚಿನ ತೂಕ ಅಷ್ಟಾಗಿ ಬದಲಾಗದಿರುವುದನ್ನು ಗಮನಿಸಬೇಕು. ಕಿಂಗ್‌ಪಿನ್ ಹೆಚ್ಚುಕಡಿಮೆ ಡ್ರೈವ್ ಅಚ್ಚುಗಳ ನೆತ್ತಿಯ ಮೇಲೇ ಇರುವುದರಿಂದ ಅಲ್ಲಿ ಇಳಿದ ಭಾರ ಬಹುಪಾಲು ಅವುಗಳದ್ದೇ.

ಸರಿಸುವ ಬಗೆ

ಸಮತಟ್ಟಾದ ನೆಲದಲ್ಲಿ ಟ್ರಕ್ಕನ್ನು ನೇರವಾಗಿ ನಿಲ್ಲಿಸಬೇಕು. ಕ್ಯಾಬಿನ್ನಿನಲ್ಲಿ ಎರಡು ಗುಬುಟುಗಳಿವೆ: ಹಳದಿ ಬಣ್ಣದ್ದು ಟ್ರ್ಯಾಕ್ಟರಿನ ನಿಲುಗಡೆ ಬ್ರೇಕಿಗೆ, ಕೆಂಪು ಬಣ್ಣದ್ದು ಟ್ರೈಲರಿಗೆ ಗಾಳಿ ಕಳಿಸುವುದಕ್ಕೆ. ಎರಡನ್ನೂ ಎಳೆದು ಬ್ರೇಕ್ ಹಾಕಿ ಕೆಳಗಿಳಿದ ಚಾಲಕ, ಟ್ರೈಲರಿನ ಚಕ್ರಗಳ ಮುಂದೆ ತನ್ನ ಬದಿಗೆ ಚಾಚಿರುವ ಹಿಡಿಕೆಯನ್ನು ಎಳೆದು ಗಾಡಿಯ ಅಂಚಿನ ಕಚ್ಚಿಗೆ ಸಿಕ್ಕಿಸಿ ಬಿಡುತ್ತಾನೆ. ಆಗ ನಾಲ್ಕೂ ಪಿನ್ನುಗಳು ತೂತಿನಿಂದ ಹಿಂದೆ ಸರಿಯಬೇಕು. ಹೊಸ ಟ್ರೈಲರುಗಳಲ್ಲಿ ಈ ಕೆಲಸಕ್ಕೆ ಗಾಳಿಯ ಒತ್ತಡದ ಗುಂಡಿಯೂ ಇರುತ್ತದೆ. ಬಳಿಕ ಕ್ಯಾಬಿನ್ನಿಗೆ ಹತ್ತಿ, ಟ್ರೈಲರಿನ ಬ್ರೇಕು ಹಾಗೇ ಇರುವಂತೆ ಟ್ರ್ಯಾಕ್ಟರಿನ ಬ್ರೇಕನ್ನು ಮಾತ್ರ ಬಿಟ್ಟು, ಅತಿ ನಿಧಾನವಾಗಿ ಚಲಿಸಬೇಕು. ಟ್ರೈಲರಿನ ಚಕ್ರಗಳು ನೆಲ ಕಚ್ಚಿ ನಿಂತಿರುತ್ತವೆ. ಅವುಗಳ ಮೇಲೆ ಪೆಟ್ಟಿಗೆ ಜಾರುತ್ತದೆ. ಹೊಸಬರು ಇಲ್ಲೇ ಗಲಿಬಿಲಿಗೊಳ್ಳುವುದು. ಟ್ಯಾಂಡೆಮ್ ಪೆಟ್ಟಿಗೆಯ ಹಿಂದಕ್ಕೆ ಹೋಗಬೇಕಾದರೆ ಟ್ರಕ್ಕನ್ನು ಮುಂದಕ್ಕೆ ಓಡಿಸಬೇಕು, ಟ್ಯಾಂಡೆಮ್ ಮುಂದಕ್ಕೆ ಬರಬೇಕಾದರೆ ಟ್ರಕ್ಕನ್ನು ರಿವರ್ಸ್ ತೆಗೆಯಬೇಕು.

ಪಿನ್ನು ಕದಲದಿರುವುದೇ ದೊಡ್ಡ ತಲೆನೋವು. ತೂತಿನ ಅಂಚು ಪಿನ್ನನ್ನು ಒತ್ತಿ ಹಿಡಿದಿದ್ದರೆ ಎಷ್ಟು ಎಳೆದರೂ ಹಿಡಿಕೆ ಬರುವುದಿಲ್ಲ; ಟ್ರಕ್ಕನ್ನು ಕೊಂಚ ಹಿಂದೆ ಮುಂದೆ ಆಡಿಸಿದರೆ ಒತ್ತಡ ಸಡಿಲಾಗಿ ಪಿನ್ನು ಕಳಚಿಕೊಳ್ಳುತ್ತದೆ. ಹಿಮ ಬೀಳುವ ರಾಜ್ಯಗಳಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ತಾಗಿ ತುಕ್ಕು ಹಿಡಿದ ಪಿನ್ನುಗಳಿಗೆ ಸುತ್ತಿಗೆಯ ಏಟೇ ಬೇಕಾಗುತ್ತದೆ. ಸಹಾಯಕ್ಕೆ ಇನ್ನೊಬ್ಬರಿದ್ದರೆ ಅವರು ಹಿಡಿಕೆ ಎಳೆದಿರುವಾಗ ಚಾಲಕ ಗಾಡಿ ಆಡಿಸಬಹುದು. ಒಂಟಿ ಚಾಲಕ ಮಾತ್ರ ಪ್ರತಿ ಸಲವೂ ಕ್ಯಾಬಿನ್ನು ಹತ್ತಿ ಇಳಿಯಬೇಕು. ಎಷ್ಟು ಸರಿಯಿತೆಂದು ತಿಳಿಯಲು ಕೆಲವರು ಹಳಿಯ ಬದಿಗೆ ಸೀಮೆಸುಣ್ಣದ ಗೀಟು ಎಳೆದಿಟ್ಟುಕೊಳ್ಳುತ್ತಾರೆ.

ಬೇಕಾದ ತೂತು ಬಂದ ಮೇಲೆ ಹಿಡಿಕೆಯನ್ನು ಕಚ್ಚಿನಿಂದ ಬಿಡಿಸಿ, ಪಿನ್ನುಗಳು ಹೊಕ್ಕುವವರೆಗೆ ಗಾಡಿಯನ್ನು ಮೆಲ್ಲಗೆ ಆಡಿಸಬೇಕು. ಅನಂತರದ ಹೆಜ್ಜೆಯನ್ನು ಯಾವ ಅವಸರದಲ್ಲೂ ಬಿಡಬಾರದು: ಟಾರ್ಚ್ ಹಿಡಿದು ಬಗ್ಗಿ, ನಾಲ್ಕೂ ಪಿನ್ನುಗಳ ತುದಿ ತೂತಿನಿಂದ ಆಚೆ ಬಂದಿದೆಯೇ ಎಂದು ಒಂದೊಂದನ್ನೇ ನೋಡಬೇಕು. ಹಿಡಿಕೆ ತನ್ನ ಜಾಗಕ್ಕೆ ಬಂದಿದೆ ಎಂದ ಮಾತ್ರಕ್ಕೆ ಪಿನ್ನು ಕೂತಿದೆ ಎಂದರ್ಥವಲ್ಲ. ಪಿನ್ನು ಕೂರದ ಟ್ರೈಲರು ರಸ್ತೆಗಿಳಿದು ಜೋರಾಗಿ ಬ್ರೇಕ್ ಬಿದ್ದರೆ ಚಕ್ರಗಳ ಚೌಕಟ್ಟು ಹಳಿಯಗುಂಟ ಜಾರಿ ತಡೆಪಟ್ಟಿಗೆ ಅಪ್ಪಳಿಸುತ್ತದೆ. ತಡೆಪಟ್ಟಿ ಮುರಿದರೆ ಅಚ್ಚುಗಳ ಸಮೇತ ಇಡೀ ಚೌಕಟ್ಟು ಟ್ರೈಲರಿನಿಂದ ಕಳಚಿಹೋಗಬಹುದು. ಹಿಂದೆ ಬರುತ್ತಿರುವ ಸಣ್ಣ ಕಾರಿನವರ ಜೀವ ಆ ನಾಲ್ಕು ಪಿನ್ನುಗಳನ್ನು ನೆಚ್ಚಿಕೊಂಡಿರುತ್ತದೆ.

ಅಡ್ಡ ಬರುವ ಮಿತಿಗಳು

ಅಚ್ಚು ಎಲ್ಲಿಗೆ ಬೇಕಾದರೂ ಸರಿಯುತ್ತದೆ ಎಂದು ಚಾಲಕ ಅದನ್ನು ಎಲ್ಲಿಗೆ ಬೇಕಾದರೂ ಒಯ್ಯುವಂತಿಲ್ಲ. ಕಿಂಗ್‌ಪಿನ್ನಿನಿಂದ ಹಿಂದಿನ ಅಚ್ಚಿಗೆ ಗರಿಷ್ಠ ಎಷ್ಟು ದೂರವಿರಬಹುದೆಂದು ಅನೇಕ ರಾಜ್ಯಗಳು ತಮ್ಮದೇ ನಿಯಮ ಮಾಡಿಕೊಂಡಿವೆ. ಇವುಗಳಲ್ಲಿ ಎಲ್ಲರಿಗೂ ಗೊತ್ತಿರುವುದು ಕ್ಯಾಲಿಫೋರ್ನಿಯಾದ್ದು. ಎರಡು ಅಥವಾ ಹೆಚ್ಚು ಅಚ್ಚಿನ ಟ್ರೈಲರಿಗೆ ಅಲ್ಲಿ 40 ಅಡಿಯೇ ಮಿತಿ, ಅಳತೆ ಕೊನೆಯ ಅಚ್ಚಿನ ಮಧ್ಯಕ್ಕೆ. ಇತರ ರಾಜ್ಯಗಳಲ್ಲಿ ಟ್ಯಾಂಡೆಮನ್ನು ಹಿಂದಕ್ಕೆ ಒಯ್ದು ತೂಕ ಸರಿದೂಗಿಸಿಕೊಂಡು ಬಂದ ಟ್ರಕ್ಕು ಕ್ಯಾಲಿಫೋರ್ನಿಯಾದ ಗಡಿಯಲ್ಲಿ ಟ್ಯಾಂಡೆಮ್ ಮುಂದಕ್ಕೆ ತರಲೇಬೇಕು. ತಂದ ಕೂಡಲೇ ಟ್ರೈಲರ್ ಜೋಡಿಯ ತೂಕ ಮಿತಿ ದಾಟುತ್ತದೆ. ಆ ಕಡೆಗೆ ಹೋಗುವ ಸರಕನ್ನು ಮೊದಲೇ ಸ್ವಲ್ಪ ಮುಂಭಾರವಾಗಿ ತುಂಬಿಸಬೇಕೆಂದು ಅನುಭವಿ ಚಾಲಕರು ಹಟ ಹಿಡಿಯುವುದು ಇದಕ್ಕೇ.

ಈ ನಿಯಮ ಸುಮ್ಮನೆ ಬಂದದ್ದಲ್ಲ. ಟ್ಯಾಂಡೆಮ್ ಹಿಂದಿದ್ದಷ್ಟೂ ತಿರುವಿನಲ್ಲಿ ಟ್ರೈಲರಿನ ಹಿಂಚಕ್ರಗಳು ಒಳಗಿನಿಂದ ಹಾದು ಮೂಲೆಯನ್ನು, ಪಾದಚಾರಿ ಕಟ್ಟೆಯನ್ನು ತುಳಿಯುತ್ತವೆ. ಮುಂದಿದ್ದರೆ ಟ್ರಕ್ಕು ಇಕ್ಕಟ್ಟಿನಲ್ಲಿ ಚೆನ್ನಾಗಿ ತಿರುಗುತ್ತದೆ, ಆದರೆ ಹಿಂದಿನ ಬಾಲ ಹೊರಗೆ ಬೀಸುತ್ತದೆ. 53 ಅಡಿಯ ಟ್ರೈಲರಿನಲ್ಲಿ ಕೊನೆಯ ಅಚ್ಚು 40 ಅಡಿಯ ಗುರುತಿಗೆ ಬಂದಾಗ ಅದರ ಹಿಂದೆ ಸುಮಾರು 10 ಅಡಿ ಪೆಟ್ಟಿಗೆ ತೂಗಾಡುತ್ತಿರುತ್ತದೆ. ಗೋದಾಮಿನ ಕಟ್ಟೆಗೆ ಹಚ್ಚುವ ಮುನ್ನ ಟ್ಯಾಂಡೆಮನ್ನು ಪೂರ್ತಿ ಹಿಂದಕ್ಕೆ ಒಯ್ಯಿರಿ ಎಂದು ಅನೇಕ ಗೋದಾಮಿನವರು ಹೇಳುವುದಕ್ಕೂ ಈ ಬಾಲವೇ ಕಾರಣ. ಫೋರ್ಕ್‌ಲಿಫ್ಟ್ ಹೊರೆ ಹೊತ್ತು ಒಳನುಗ್ಗಿದಾಗ ಆಧಾರವಿಲ್ಲದ ಹಿಂತುದಿ ಕುಸಿದರೆ ಅದನ್ನು ಓಡಿಸುವವನಿಗೆ ಅಪಾಯ.

ಡ್ರೈವ್ ಜೋಡಿಯೂ ಟ್ರೈಲರ್ ಜೋಡಿಯೂ ಎರಡೂ ಮಿತಿ ಮುಟ್ಟಿದ್ದು ಮುಂದಿನ ಅಚ್ಚು ಮಾತ್ರ ಹಗುರವಾಗಿದ್ದರೆ ಟ್ಯಾಂಡೆಮಿನಿಂದ ಪ್ರಯೋಜನವಿಲ್ಲ. ಆಗ ಬೇಕಾಗುವುದು ಜಾರುವ ಫಿಫ್ತ್ ವೀಲ್. ಅದನ್ನು ಮುಂದಕ್ಕೆ ಸರಿಸಿದರೆ ಭಾರ ಡ್ರೈವ್ ಅಚ್ಚುಗಳಿಂದ ಸ್ಟಿಯರಿಂಗ್ ಅಚ್ಚಿಗೆ ಹೋಗುತ್ತದೆ. ಕಿಂಗ್‌ಪಿನ್ ಮೇಲೆ 28,000 ಪೌಂಡು ಇದ್ದು, ಟ್ರ್ಯಾಕ್ಟರಿನ ಮುಂದಿನ ಅಚ್ಚಿನಿಂದ ಡ್ರೈವ್ ಜೋಡಿಯ ಮಧ್ಯಕ್ಕೆ 20 ಅಡಿ ಇದ್ದರೆ, 4 ಇಂಚು ಸರಿಸಿದಾಗ ಸುಮಾರು 470 ಪೌಂಡು ಕದಲುತ್ತದೆ. ಡೀಸೆಲ್ಲನ್ನೂ ಮರೆಯುವಂತಿಲ್ಲ. ಒಂದು ಗ್ಯಾಲನ್ನಿಗೆ ಸುಮಾರು 7 ಪೌಂಡಿನಂತೆ 200 ಗ್ಯಾಲನ್ ಎಂದರೆ 1,400 ಪೌಂಡು, ಅದೂ ಟ್ರ್ಯಾಕ್ಟರಿನ ಮೇಲೆಯೇ. ಅರ್ಧ ಟ್ಯಾಂಕಿನಲ್ಲಿ ತೂಗಿಸಿ ಸರಿಯೆಂದು ಹೊರಟವನು ಮುಂದಿನ ಬಂಕಿನಲ್ಲಿ ಪೂರ್ತಿ ತುಂಬಿಸಿದರೆ ಡ್ರೈವ್ ಜೋಡಿ ಮಿತಿ ಮೀರಬಹುದು.

ಹೊಣೆ ಯಾರದು

ಸರಕನ್ನು ತುಂಬುವವರು ಗೋದಾಮಿನವರು. ಬಹಳ ಸಲ ಚಾಲಕನನ್ನು ಒಳಗೆ ಬಿಡುವುದೂ ಇಲ್ಲ. ಬಾಗಿಲು ಮುಚ್ಚಿ ಸೀಲ್ ಹಾಕಿ ಕೊಡುತ್ತಾರೆ. 53 ಅಡಿಯ ಟ್ರೈಲರಿನಲ್ಲಿ ಎರಡು ಸಾಲಾಗಿ 26 ಪ್ಯಾಲೆಟ್ ನಿಲ್ಲುತ್ತವೆ. ಕಾಗದ, ಪಾನೀಯ, ಡಬ್ಬಿ ಆಹಾರದಂಥ ಭಾರದ ಸರಕಾದರೆ ಇಪ್ಪತ್ತೇ ಪ್ಯಾಲೆಟ್ಟಿಗೆ ತೂಕ ಮುಗಿದು ಜಾಗ ಉಳಿಯುತ್ತದೆ. ಅವನ್ನೆಲ್ಲ ಮುಂದಿನ ಗೋಡೆಗೆ ಒತ್ತಿ ನಿಲ್ಲಿಸಿದರೆ ಟ್ಯಾಂಡೆಮನ್ನು ಪೂರ್ತಿ ಮುಂದಕ್ಕೆ ತಂದರೂ ಡ್ರೈವ್ ಜೋಡಿಯ ಭಾರ ಇಳಿಯದು. ಒಂಟಿ ಸಾಲನ್ನು ನಡುವೆ ಸೇರಿಸಿ ಒಂದೆರಡು ಪ್ಯಾಲೆಟ್ ಹಿಂದಕ್ಕೆ ಇಟ್ಟಿದ್ದರೆ ಈ ಪಾಡು ಬರುತ್ತಿರಲಿಲ್ಲ. ಹಾಗಾದಾಗ ಚಾಲಕ ಮರಳಿ ಗೋದಾಮಿಗೆ ಹೋಗಿ, ಸರತಿಯಲ್ಲಿ ಕಾದು, ಮತ್ತೆ ಜೋಡಿಸಿಕೊಳ್ಳಬೇಕು. ಮೈಲಿಗಿಷ್ಟು ಎಂದು ಸಂಬಳ ಪಡೆಯುವವನಿಗೆ ಆ ಗಂಟೆಗಳೆಲ್ಲ ನಷ್ಟ. ಕಾಯದೆ ಹೊರಟರೆ ಸಿಕ್ಕಿಬೀಳುವವನೂ, ರಸ್ತೆ ಬದಿಯಲ್ಲಿ ನಿಲ್ಲುವವನೂ ಅವನೇ. ತುಂಬಿದವನ ಅಜಾಗರೂಕತೆಗೆ ಓಡಿಸುವವನು ಬೆಲೆ ತೆರುವ ಈ ಏರ್ಪಾಡು ನ್ಯಾಯವಾದುದಲ್ಲ. ತೂಕದ ಚೀಟಿ ಕೈಗೆ ಬರುವವರೆಗೆ ಗೋದಾಮಿನಿಂದ ಬಹುದೂರ ಹೋಗಬಾರದೆಂದು ಹಳಬರು ಹೊಸಬರಿಗೆ ಹೇಳಿಕೊಡುವುದು ಈ ಕಷ್ಟವನ್ನು ಉಂಡೇ.

ಇತರ ವಿಧಾನಗಳು

ಎಲ್ಲ ಟ್ರೈಲರುಗಳಲ್ಲೂ ಅಚ್ಚು ಜಾರುವುದಿಲ್ಲ. ಟ್ಯಾಂಕರುಗಳಲ್ಲಿ ಅಚ್ಚು ಸಾಮಾನ್ಯವಾಗಿ ಸ್ಥಿರ. ತೆರೆದ ಹಾಸಿನ ಟ್ರೈಲರುಗಳಲ್ಲಿ ಎರಡು ಅಚ್ಚುಗಳನ್ನು 10 ಅಡಿಗೂ ಹೆಚ್ಚು ಅಂತರದಲ್ಲಿ ಇಡುವುದುಂಟು. ಅಂತರ 8 ಅಡಿ ದಾಟಿದರೆ ಕಾನೂನು ಅವನ್ನು ಜೋಡಿ ಎಂದು ಎಣಿಸದೆ ಒಂಟಿ ಅಚ್ಚುಗಳೆಂದು ಎಣಿಸುತ್ತದೆ. 10 ಅಡಿ ಅಂತರವಿದ್ದರೆ ತಲಾ 20,000ದಂತೆ ಹಿಂದೆ 40,000 ಪೌಂಡು ಹೊರಬಹುದು. ತೂಕ ಹಂಚಿಕೆಯ ತಲೆನೋವು ಬಹಳ ಮಟ್ಟಿಗೆ ಇಲ್ಲವಾಗುತ್ತದೆ. ಯೂರೋಪಿನಲ್ಲಿ ಐದು ಅಚ್ಚಿನ ವಾಹನದ ಒಟ್ಟು ಮಿತಿ 40 ಟನ್, ಡ್ರೈವ್ ಅಚ್ಚಿಗೆ 11.5 ಟನ್. ಅಲ್ಲಿನ ಟ್ರೈಲರುಗಳಿಗೆ ಹೆಚ್ಚಾಗಿ ಸ್ಥಿರವಾದ ಮೂರು ಅಚ್ಚುಗಳಿದ್ದು, ಬೇಡವಾದಾಗ ಒಂದನ್ನು ನೆಲದಿಂದ ಮೇಲೆತ್ತುವ ಏರ್ಪಾಡಿರುತ್ತದೆ.

ಭಾರತದಲ್ಲೂ ಸಾಮಾನ್ಯವಾಗಿ ಕಾಣುವುದು ಸ್ಥಿರ ಅಚ್ಚುಗಳೇ. ಇತ್ತೀಚಿನ ಬಹು ಅಚ್ಚಿನ ಲಾರಿಗಳಲ್ಲಿ ಖಾಲಿ ಓಡುವಾಗ ಮೇಲೆತ್ತಿಕೊಳ್ಳುವ ಲಿಫ್ಟ್ ಆಕ್ಸೆಲ್ ಬಂದಿದೆ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಅಚ್ಚಿನ ಮಿತಿಗಳನ್ನು ಏರಿಸಿ, ನಾಲ್ಕು ಟೈರಿನ ಒಂಟಿ ಅಚ್ಚಿಗೆ 10.2 ಟನ್ನಿನಿಂದ 11.5ಕ್ಕೆ, ಜೋಡಿ ಅಚ್ಚಿಗೆ 19ರಿಂದ 21 ಟನ್ನಿಗೆ ತಂದಿತು. ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನಡಿ, 2019ರ ತಿದ್ದುಪಡಿಯ ಬಳಿಕ, ಹೆಚ್ಚು ತೂಕ ಹೇರಿದ ಲಾರಿಗೆ 20,000 ರೂಪಾಯಿ, ಜೊತೆಗೆ ಮೀರಿದ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ; ಹೆಚ್ಚುವರಿ ಸರಕನ್ನು ಇಳಿಸುವ ಖರ್ಚು ಬೇರೆ. ನಮ್ಮ ಹೆದ್ದಾರಿಗಳ ತೂಕದ ಕಟ್ಟೆಗಳಲ್ಲಿ ಹೆಚ್ಚಾಗಿ ಚರ್ಚೆಗೆ ಬರುವುದು ಲಾರಿಯ ಒಟ್ಟು ತೂಕ. ಕಾಯ್ದೆಯ 58ನೆಯ ಕಲಮು ಮಾತ್ರ ಒಟ್ಟು ತೂಕದ ಜೊತೆಗೆ ಅಚ್ಚಿನ ತೂಕಕ್ಕೂ ಮಿತಿ ಹಾಕಲು ಅವಕಾಶ ಕೊಟ್ಟಿದೆ.